ಷಡ್ಡಕರ ಕರಿಕೆಸು

ಮಾರ್ಚ್ ತಿಂಗಳ ಮಧ್ಯಾಹ್ನ ಇವರ ಮನೆಗೆ ಹೋದರೆ ಫ್ಯಾನಿನ ಸ್ವಿಚ್ಚಿಗೆ ಕೈಹಾಕಬೇಡಿ. "ಗಾಳಿ ಬಡಿದರೆ ಅಂಚು ಒಣಗುತ್ತೆ" ಅನ್ನುತ್ತಾರೆ. ಅಂಚು ಗಿಡದ್ದು. ಬೆವರು ಮಾತ್ರ ನಿಮ್ಮದು.

ಇಂಥ ಗಿಡದ ಹುಚ್ಚಿನವರು ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಹಡಿಗೊಬ್ಬರಂತೆ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಉಗುರಿನ ಸಂದಿಯಲ್ಲಿ ಕೊಕೊಪೀಟ್, ಮಾತಿನ ಸಂದಿಯಲ್ಲಿ ಪರ್ಲೈಟ್. ಮನೆಯಲ್ಲಿ ಬಿಪಿ ನೋಡುವ ಯಂತ್ರ ಇಲ್ಲದಿದ್ದರೂ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಇರುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಜನವರಿಯಲ್ಲೂ ಆಗಸ್ಟಿನಲ್ಲೂ ಹೋಗುತ್ತಾರೆ. ಗಾಜಿನಮನೆಗೆ ಬೆನ್ನು ಹಾಕಿ ಗಿಡ ಮಾರುವವರ ಹತ್ತಿರ ಕಪ್ಪೆಲೆ ಹುಡುಕುತ್ತಾರೆ.

ನಾನು ಹೇಳುತ್ತಿರುವುದು ಈ ಜಾತಿಯ ಎಲ್ಲರ ಬಗ್ಗೆ. ನಮ್ಮ ಷಡ್ಡಕರ ಬಗ್ಗೆ ಅಂತ ಯಾರೂ ತಿಳಿಯಬಾರದು. ಆದರೂ ಉದಾಹರಣೆ ಬೇಕೇ ಬೇಕು ಅಂದರೆ, ಷಡ್ಡಕರೇ ಇದ್ದಾರೆ.

ಅವರ ಗಿಡ ಅಲೊಕೇಸಿಯಾ ಬ್ಲ್ಯಾಕ್ ವೆಲ್ವೆಟ್. ತವರು ಬೋರ್ನಿಯೋ. ಅಂಗೈಯಗಲದ ಕಪ್ಪು ಮಖಮಲ್ಲಿನ ಎಲೆ, ಮೇಲೆ ಬೆಳ್ಳಿ ನರಗಳು. ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಮಳೆಕಾಡಿನ ನೆರಳಲ್ಲಿ ಬೆಳೆಯುವ ಇದಕ್ಕೆ ಶೇ. 60ಕ್ಕೂ ಹೆಚ್ಚು ತೇವ ಬೇಕು. ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನ ಅದರ ಅರ್ಧ ಸಿಕ್ಕರೆ ಪುಣ್ಯ. ಒಣಗಾಳಿಗೆ ಜೇಡನುಸಿ ಬಂದು ಎಲೆಯಡಿ ಬಲೆ ಕಟ್ಟುತ್ತದೆ. ಹಾಗಂತ ನೀರು ಸುರಿದರೆ ಬೇರು ಕೊಳೆಯುತ್ತದೆ. 2024ರ ಮಾರ್ಚಿನಲ್ಲಿ ಊರೆಲ್ಲ ಟ್ಯಾಂಕರ್ ಕಾಯುತ್ತಿದ್ದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಷಡ್ಡಕರು ಆ ಸುದ್ದಿಯನ್ನು ವಕೀಲರ ಹಾಗೆ ಓದಿ, "ತೋಟ ಅಂದಿದ್ದಾರೆ, ಇದು ಮನೆಯ ಹಾಲ್" ಅಂದರು. ಆದರೂ ಮನಸ್ಸು ಒಪ್ಪಲಿಲ್ಲವೇನೋ, ತಮ್ಮ ಪಾಲಿನ ಲೋಟದಲ್ಲೇ ಅರ್ಧ ಉಳಿಸಿ ಅದಕ್ಕೆ ಹಾಕಿದರು. ಇಂಥವರನ್ನು ಪೂರ್ತಿ ಬೈಯಲೂ ಆಗುವುದಿಲ್ಲ ನೋಡಿ.

ಬೈಯಬೇಕಾದದ್ದು ಅವರು ಕಾಶಿಗೆ ಹೋದಾಗಿನ ಕತೆಗೆ. ಗಿಡ ನಮ್ಮ ಮನೆಗೆ ಬಂತು. ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಅದು, ಹಿಂದೆ ಗೊಬ್ಬರದ ಚೀಲದ ಪಕ್ಕ ನನ್ನ ಹೆಂಡತಿಯ ಅಕ್ಕ. "ನೀರು ಹಾಕೋ ಮುಂಚೆ ಬೆರಳು ಇಟ್ಟು ನೋಡು. ಎರಡನೇ ಗೆಣ್ಣಿನ ತನಕ ಒಣಗಿದ್ರೆ ಮಾತ್ರ ಹಾಕು. ಅದಕ್ಕೆ ಬೇಕಾ ಅಂತ ಮೊದಲು ಕೇಳ್ಬೇಕು, ಗೊತ್ತಾಯ್ತಾ?" ರಾತ್ರಿಯಾದರೆ ವಿಡಿಯೋ ಕಾಲ್. ಗಂಗಾರತಿಯ ಗಂಟೆಯ ನಡುವೆ, "ಮುಖ ಬೇಡ ಮಾರಾಯ, ಎಲೆ ತೋರಿಸು."

ಆ ದಿನಗಳಲ್ಲೇ ತೀರ್ಥಹಳ್ಳಿಯಿಂದ ಅತ್ತೆ ಬಂದರು. ಗಿಡವನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, "ಎಂತ ಇದು, ಕೆಸುವಾ?" ಅಂದರು. ಸಸ್ಯಶಾಸ್ತ್ರದ ಪ್ರಕಾರ ಅತ್ತೆ ಹೇಳಿದ್ದು ಸರಿ, ಎರಡೂ ಒಂದೇ ಕುಟುಂಬ. ಮಲೆನಾಡಿನಲ್ಲಿ ಅದರ ದಾಯಾದಿಗಳು ಬಚ್ಚಲ ನೀರು ಕುಡಿದು, ಯಾರ ಬೆರಳಿನ ಹಂಗೂ ಇಲ್ಲದೆ ಆಳೆತ್ತರ ಬೆಳೆಯುತ್ತವೆ. "ನಾಲ್ಕೇ ಎಲೆ, ಪತ್ರೊಡೆಗೆ ಸಾಲ್ದು" ಅಂದ ಅತ್ತೆ, "ತುರಿಕೆ ಇದ್ರೆ ಹುಣಿಸೆಹಣ್ಣು ಜಾಸ್ತಿ ಹಾಕಿದ್ರಾಯ್ತು" ಅಂತಲೂ ಸೇರಿಸಿದರು. ಫೋನಿನಲ್ಲಿ ಷಡ್ಡಕರು ಇದನ್ನು ಕೇಳಿಸಿಕೊಂಡರು. ಆ ರಾತ್ರಿ ಮತ್ತೆ ಎರಡು ಸಲ ಫೋನ್ ಬಂತು.

ಒಂದು ಬೆಳಿಗ್ಗೆ ಎಲೆಯೊಂದು ಹಳದಿಯಾಗಿತ್ತು. ಎದೆ ಧಸಕ್ಕೆಂದಿತು. ಷಡ್ಡಕರು ಮಾತ್ರ ಕೂಗಾಡಲಿಲ್ಲ. "ಹೊಸ ಎಲೆ ಬರ್ತಿದೆ. ಹಳೇದು ತನ್ನ ಸತ್ವ ಅದಕ್ಕೆ ಕೊಟ್ಟು ಹೋಗುತ್ತೆ. ಕೀಳ್ಬೇಡ, ಕೊಟ್ಟು ಮುಗಿಸ್ಲಿ" ಅಂದರು. ಬ್ಯಾಂಕಿನಿಂದ ಆಗಷ್ಟೇ ನಿವೃತ್ತರಾದವರ ಬಾಯಲ್ಲಿ ಆ ಮಾತು ಕೇಳಿ ನನ್ನಲ್ಲಿದ್ದ ಕುಹಕ ತಣ್ಣಗಾಯಿತು.

ಬೆರಳಿಟ್ಟು ನೋಡುವ ಅಭ್ಯಾಸ ಅವರಲ್ಲಿ ಬೇರೆ ಕಡೆಗೂ ಹಬ್ಬಿದೆ. ಮ್ಯಾನೇಜರಾಗಿದ್ದಾಗ ಕೇಳದವರಿಗೂ ಉಪದೇಶ ಸುರಿಯುತ್ತಿದ್ದವರು ಈಗ ಮಗನ ವಿಷಯದಲ್ಲೂ ಸ್ವಲ್ಪ ಕಾದು ನೋಡುತ್ತಾರೆ. ಅಕ್ಕನನ್ನು "ಕಾಫಿ ಮಾಡ್ಲಾ?" ಅಂತ ವಿಚಾರಿಸಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬೇಕಾದವರಿಗೆ, ಬೇಕಾದಾಗ, ಬೇಕಾದಷ್ಟೇ ಕೊಡುವುದು ಸಣ್ಣ ವಿದ್ಯೆಯಲ್ಲ. ಅದನ್ನು ಒಂದು ಕುಂಡ ಕಲಿಸಿದರೆ ನಾವು ಸ್ವಲ್ಪ ಸೆಕೆ ತಡೆದುಕೊಳ್ಳಬಹುದು.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಾ, "ಹೌದಾ? ಹಾಗಾದ್ರೆ ಉಳಿದ ಅಳಿಯಂದ್ರಿಗೂ ಒಂದೊಂದು ಕೊಡಿಸ್ಬೇಕು" ಅಂದರು.

ಅತ್ತೆಗೆ ಇರುವುದು ಇಬ್ಬರೇ ಅಳಿಯಂದಿರು.