ಶೇಕಡಾ ಐದರ ಋಣ: ಪೌರಾಯುಕ್ತರಿಗೊಂದು ಬಹಿರಂಗ ಪತ್ರ

ನಮ್ಮ ನಗರಸಭೆಯ ಮಾನ್ಯ ಪೌರಾಯುಕ್ತರಿಗೆ,
(ಪ್ರತಿ: ಪೌರಾಡಳಿತ ಸಚಿವರ ಅವಗಾಹನೆಗೆ)

ಸ್ವಾಮಿ,

ಏಪ್ರಿಲ್ ಮುಗಿಯುವುದರೊಳಗೆ ವರ್ಷದ ಆಸ್ತಿ ತೆರಿಗೆ ಪೂರ್ತಿ ಕಟ್ಟಿದವರಿಗೆ ಶೇ. 5ರಷ್ಟು ರಿಯಾಯಿತಿ ಎಂದು ಕಸದ ಗಾಡಿಯ ಮೈಕಿನಲ್ಲಿ ತಾವು ಸಾರಿಸಿದ್ದನ್ನು ಕೇಳಿ ರೋಮಾಂಚನವಾಯಿತು. ಪಿಂಚಣಿ ನಂಬಿಕೊಂಡು ಒಂದೇ ಒಂದು ಹೆಂಚಿನ ಮನೆಯಲ್ಲಿ ಕಾಲ ಹಾಕುತ್ತಿರುವ ನನ್ನಂಥವನ ಮೇಲೆ ಸರ್ಕಾರಕ್ಕೆ ಇಷ್ಟು ಕರುಣೆ ಇದೆಯೆಂದರೆ ಕೃತಜ್ಞತೆ ಹೇಳದೆ ಇರಲಾದೀತೇ?

ಉಪಕಾರದ ತೂಕ ಎಷ್ಟೆಂದು ತಿಳಿಯಲು ಕಾಗದ, ಪೆನ್ನು ಹಿಡಿದು ಕೂತೆ. ತೆರಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ರಿಯಾಯಿತಿ 200. ಅದೇ ಚಲನ್ನಿನ ಕೆಳಸಾಲುಗಳಲ್ಲಿ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಈ ಮೂರೇ ಸೇರಿ 960. ಕಸ ವಿಲೇವಾರಿಯ ಶುಲ್ಕ ಬೇರೆ. ಗ್ರಂಥಾಲಯ ಕರದ ಬಗ್ಗೆ ನನ್ನ ತಕರಾರಿಲ್ಲ. ಪೇಪರ್ ಕೊಳ್ಳುವ ದುಡ್ಡು ಕಂದಾಯಕ್ಕೆ ಹೋದ ಮೇಲೆ ಓದಲು ಅಲ್ಲಿಗೇ ಹೋಗಬೇಕಲ್ಲ. ಭಿಕ್ಷುಕರ ಕರವನ್ನಂತೂ ಭಕ್ತಿಯಿಂದ ಕಟ್ಟುತ್ತೇನೆ. ಮುಂದೊಂದು ದಿನ ನನಗೇ ಬೇಕಾಗಬಹುದಾದ ನಿಧಿಗೆ ಈಗಿನಿಂದಲೇ ಕಂತು ಹಾಕುತ್ತಿದ್ದೇನೆ ಎಂಬ ಸಮಾಧಾನವಿದೆ.

ತಮ್ಮ ಔದಾರ್ಯ ಇಲ್ಲಿಗೇ ನಿಲ್ಲುವುದಿಲ್ಲ. ಹಿಂದೆ ತೆರಿಗೆ ಮೂರು ವರ್ಷಕ್ಕೊಮ್ಮೆ ಏರುತ್ತಿತ್ತು. ಅಷ್ಟು ದಿನ ಕಾಯುವ ಸಂಕಟ ನಮಗೆ ಬೇಡವೆಂದು ಪುರಸಭೆಗಳ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ವರ್ಷ ವರ್ಷವೂ ಶೇ. 3ರಿಂದ 5ರಷ್ಟು ಏರುವ ಏರ್ಪಾಡಾಯಿತು. ಕನಿಷ್ಠ ಏರಿಕೆಯನ್ನೇ ಹಿಡಿಯೋಣ: 4,000 ಇದ್ದದ್ದು ಎರಡು ಏರಿಕೆಗೆ 4,243 ಮುಟ್ಟುತ್ತದೆ. ಅದರಲ್ಲಿ ಶೇ. 5 ಕಳೆದರೂ ಉಳಿಯುವುದು 4,031. ಎರಡೇ ವರ್ಷದಲ್ಲಿ ರಿಯಾಯಿತಿ ಪಡೆದವನು ರಿಯಾಯಿತಿ ಇಲ್ಲದ ಹಳೆಯ ತೆರಿಗೆಗಿಂತ ಹೆಚ್ಚು ಕಟ್ಟುತ್ತಾನೆ, ಕಟ್ಟಿ ಧನ್ಯವಾದವನ್ನೂ ಹೇಳುತ್ತಾನೆ!

ನನ್ನ ಸಿರಿವಂತಿಕೆಯ ಸುದ್ದಿಯೂ ನನಗೆ ತಿಳಿದದ್ದು ಸರ್ಕಾರದಿಂದಲೇ. ತೆರಿಗೆಯ ಬುಡ ಇರುವುದು ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರದಲ್ಲಿ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಆ ದರ ಸರಾಸರಿ ಶೇ. 30ರಷ್ಟು ಏರಿತು. ಹೆಂಚು ಸೋರುವುದು ನಿಂತಿಲ್ಲ, ಪಿಂಚಣಿ ಶೇ. 30 ಏರಿಲ್ಲ, ಆದರೂ ನಾನು ಕಾಗದದ ಮೇಲೆ ಕುಳ. ಮನೆ ಮಾರಿದರೆ ಶ್ರೀಮಂತ, ವಾಸ ಮಾಡಿದರೆ ಬಡವ. ಮಾರಿ ಎಲ್ಲಿಗೆ ಹೋಗಲಿ ಎಂಬುದಕ್ಕೆ ಮಾತ್ರ ಮಾರ್ಗಸೂಚಿ ಇಲ್ಲ.

ನನ್ನ ಪ್ರಾಮಾಣಿಕತೆಯ ಮೇಲೂ ಸರ್ಕಾರಕ್ಕೆ ಅಪಾರ ವಿಶ್ವಾಸ. ಸ್ವಯಂ ಘೋಷಿತ ತೆರಿಗೆಯಲ್ಲಿ ನನ್ನ ಮನೆಯನ್ನು ನಾನೇ ಅಳೆದು, ನಾನೇ ಬರೆದು, ನಾನೇ ಸಹಿ ಹಾಕಿದರೆ ಸಾಕು. ಅದೇ ಮನೆಗೆ ಇ-ಖಾತಾ ಕೇಳಿದಾಗ ಮಾತ್ರ ನೋಂದಾಯಿತ ಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ, ಕರೆಂಟ್ ಬಿಲ್, ಮನೆಯ ಫೋಟೊ, ಆಧಾರ್ ಎಲ್ಲವೂ ಬೇಕು. ಕಟ್ಟುವಾಗ ನಾನು ಸತ್ಯಹರಿಶ್ಚಂದ್ರ, ಕೇಳುವಾಗ ಶಂಕಿತ.

ಜೂನ್ ದಾಟಿದರೆ ತಿಂಗಳಿಗೆ ಶೇ. 2ರಷ್ಟು ದಂಡ, ಅಂದರೆ ವರ್ಷಕ್ಕೆ ಶೇ. 24. ಠೇವಣಿಗೆ ಅಷ್ಟು ಬಡ್ಡಿ ಕೊಡುವ ಬ್ಯಾಂಕ್ ತಮ್ಮ ಗಮನದಲ್ಲಿದ್ದರೆ ದಯವಿಟ್ಟು ತಿಳಿಸಿ. ಆದರೆ ನಿಜವಾದ ರಿಯಾಯಿತಿ ಯಾರಿಗೆ ಎಂಬುದನ್ನು ರಾಜಧಾನಿ ತೋರಿಸಿಕೊಟ್ಟಿದೆ. 2024ರಲ್ಲಿ ಬೆಂಗಳೂರಿನ ಅಂದಿನ ಮಹಾನಗರ ಪಾಲಿಕೆ ಬಿಬಿಎಂಪಿಯ ಒಂದೇ ಬಾರಿಯ ತೀರುವಳಿ (ಒಟಿಎಸ್) ಯೋಜನೆಯಲ್ಲಿ ಬಾಕಿದಾರರ ಬಡ್ಡಿ ಮನ್ನಾ ಆಯಿತು, ದಂಡ ಇಳಿಯಿತು, ಜುಲೈ ಕೊನೆಯ ಗಡುವು ನವೆಂಬರ್ ಕೊನೆಯವರೆಗೂ ಹಿಗ್ಗಿತು. ಏಪ್ರಿಲ್ಲಿನ ಬಿಸಿಲಲ್ಲಿ, ಸರ್ವರ್ ಡೌನ್ ಎಂಬ ಚೀಟಿಯ ಮುಂದೆ ಸಾಲುಗಟ್ಟಿ ನಿಂತು ಕಟ್ಟುವವರಿಗೆ ನೂರಕ್ಕೆ ಐದು. ವರ್ಷಗಟ್ಟಲೆ ಕಾಲು ಚಾಚಿ ಮಲಗಿದವರಿಗೆ ಪೂರ್ತಿ ಬಡ್ಡಿ ಮನ್ನಾ. ನಿಯತ್ತಿಗೆ ಇಷ್ಟು ಸ್ಪಷ್ಟವಾಗಿ ಬೆಲೆ ಕಟ್ಟಿದ ಇನ್ನೊಂದು ಯೋಜನೆಯನ್ನು ನಾನು ಕಂಡಿಲ್ಲ.

ತೆರಿಗೆಯೇ ಬೇಡ ಎನ್ನುವಷ್ಟು ದಡ್ಡ ನಾನಲ್ಲ ಸ್ವಾಮಿ. ಬೀದಿದೀಪ, ಚರಂಡಿ ಪುಕ್ಕಟೆ ಬರುವುದಿಲ್ಲ. ಕನಿಷ್ಠ ದರ ನಿಗದಿ ಮಾಡಿ, ರಾಜ್ಯದ ಒಟ್ಟು ಉತ್ಪನ್ನ ಬೆಳೆದಂತೆ ಆಸ್ತಿ ತೆರಿಗೆಯ ವಸೂಲಿಯನ್ನೂ ಬೆಳೆಸಿದರಷ್ಟೇ ಅನುದಾನ ಎಂದು 15ನೇ ಹಣಕಾಸು ಆಯೋಗ ಷರತ್ತು ಹಾಕಿದ್ದೂ ಗೊತ್ತು. ಆದರೆ ವಸೂಲಿ ಬೆಳೆಸಲು ಎರಡು ದಾರಿಗಳಿವೆ: ಕಟ್ಟದವರಿಂದ ಕಟ್ಟಿಸುವುದು, ಕಟ್ಟುವವರಿಂದಲೇ ಇನ್ನಷ್ಟು ಕಟ್ಟಿಸುವುದು. ಎರಡನೆಯದು ಸುಲಭ, ಏಕೆಂದರೆ ನಾವು ಮನೆಯಲ್ಲೇ ಸಿಗುತ್ತೇವೆ.

ಆದ್ದರಿಂದ ನಗರಸಭೆ ಒಂದು ಠರಾವು ಮಾಡಿ ಸರ್ಕಾರಕ್ಕೆ ಕಳಿಸಲಿ ಎಂಬುದು ನನ್ನ ಮನವಿ. ಮಾಜಿ ಸೈನಿಕರ ವಾಸದ ಮನೆಗೆ ಅರ್ಧ ತೆರಿಗೆ ವಿನಾಯಿತಿ ಈಗಾಗಲೇ ಇದೆ. ಹಿರಿಯರು ತಾವೇ ವಾಸಿಸುವ ಒಂದೇ ಸಣ್ಣ ಮನೆಗೂ ಅಂಥದ್ದೊಂದು ವಿನಾಯಿತಿ ಸಿಗಲಿ. ಬಾಕಿಯಿಲ್ಲದೆ ಕಟ್ಟಿಕೊಂಡು ಬಂದವರಿಗೆ ವರ್ಷ ಕಳೆದಂತೆ ರಿಯಾಯಿತಿ ಏರಲಿ. ಸರ್ವರ್ ಕೆಟ್ಟ ದಿನಗಳನ್ನು ಗಡುವಿಗೆ ಸೇರಿಸಿ. ಯಾವ ವಾರ್ಡಿನಿಂದ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಕಚೇರಿಯ ಫಲಕದಲ್ಲಿ ಬರೆಯಿಸಿ. ಬಾಕಿದಾರನಿಗೆ ಮನ್ನಾ ಮಾಡುವ ಸರ್ಕಾರ ಮೊದಲು ಕಟ್ಟಿದವನ ಋಣ ತೀರಿಸಲಿ.

ಇತಿ ತಮ್ಮ ವಿಧೇಯ,
ಏಪ್ರಿಲ್ಲಿನಲ್ಲೇ ಕಂದಾಯ ಕಟ್ಟುವ ಒಬ್ಬ ಮನೆ ಮಾಲೀಕ