ದಾಕ್ಷಿಣ್ಯದ ಆನ್‌ರೋಡ್ ಬೆಲೆ

ಚೌಕಾಸಿ ಮಾಡಲು ಬಾರದ ಗಂಡಸರ ಸಂಘವೊಂದನ್ನು ಯಾರಾದರೂ ಕಟ್ಟಿದರೆ ಅದಕ್ಕೆ ನಾನೇ ಆಜೀವ ಅಧ್ಯಕ್ಷ. ಆಯ್ಕೆ ಮಾತ್ರ ಅವಿರೋಧವಾಗಿಯೇ ಆಗಬೇಕು. ಎದುರಾಳಿ ನಿಂತನೋ, ಅವನ ಮುಖ ನೋಡಿ ಅವನಿಗೇ ವೋಟು ಹಾಕಿ ಬರುವ ಪೈಕಿ ನಾನು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಂಗಡಿಯವರು ಸೀರೆ ಬಿಡಿಸಿ ಹರವಿದರೆ, ಮತ್ತೆ ಮಡಿಸಬೇಕಾದ ಹುಡುಗನ ಕಷ್ಟ ನೆನೆದು ಒಂದನ್ನಾದರೂ ಕೊಳ್ಳದೆ ಎದ್ದು ಬಂದವನಲ್ಲ. ಸೊಪ್ಪಿನವಳು ಕಟ್ಟಿಗೆ ಇಪ್ಪತ್ತು ಅಂದಾಗ “ಅಷ್ಟೇನಾ?” ಎಂದು ಕೇಳಿ ಇಪ್ಪತ್ತೈದು ಮಾಡಿಸಿಕೊಂಡು ಬಂದದ್ದೂ ಉಂಟು. ಈ ಗುಣಕ್ಕೆ ನಾನಿಟ್ಟ ಹೆಸರು ಮುಖದಾಕ್ಷಿಣ್ಯ. ನನ್ನ ಹೆಂಡತಿ ಇಟ್ಟ ಹೆಸರನ್ನು ಯಾವ ಪತ್ರಿಕೆಯವರೂ ಅಚ್ಚು ಹಾಕಲಾರರು.

ಇಂಥವನು ಕಾರು ಕೊಳ್ಳಬೇಕಾಗಿ ಬಂತು. ಹಳೆಯದು ತುಂಗಾ ಸೇತುವೆಯ ನಟ್ಟನಡುವೆ ನಿಂತು, ಹಿಂದಿದ್ದ ಬಸ್ಸಿನ ಡ್ರೈವರಿನಿಂದ ನನ್ನ ವಂಶಾವಳಿಯನ್ನು ಬಹಿರಂಗವಾಗಿ ಓದಿಸಿದ ಮೇಲೆ ಬೇರೆ ದಾರಿ ಇರಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ಭಾಮೈದ ಫೋನಿನಲ್ಲೇ ಉಪದೇಶ ಕೊಟ್ಟ.

“ಭಾವ, ಶೋರೂಂ ಕಡೆ ತಲೆ ಹಾಕ್ಬೇಡಿ. ನಿಮ್ಮ ಮುಖ ಕಂಡ್ರೆ ಅವರು ಸ್ಟೆಪ್ನಿಗೂ ಬೇರೆ ದುಡ್ಡು ತಗೋತಾರೆ. ಆನ್‌ಲೈನಲ್ಲಿ ಬುಕ್ ಮಾಡಿ. ಅಲ್ಲಿ ಮುಖಾನೇ ಇರಲ್ಲ, ದಾಕ್ಷಿಣ್ಯ ಎಲ್ಲಿಂದ ಬರುತ್ತೆ?”

ತರ್ಕ ಗಟ್ಟಿಯಾಗಿತ್ತು. ಕಾಲವೂ ಕೂಡಿ ಬಂದಿತ್ತು. ಅದು 2025ರ ಆಷಾಢ. ನಮ್ಮ ಕಡೆ ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ಹಾಗಾಗಿ ನೊಣ ಹೊಡೆಯುತ್ತ ಕೂತ ಶೋರೂಂನವರು ‘ಆಷಾಢ ಆಫರ್’ ಬಿಡುತ್ತಾರೆ. ನನಗೆ ಬೇಕಾದ ಕಾರಿಗೆ 20,000 ರೂಪಾಯಿ ರಿಯಾಯಿತಿ ಇತ್ತು. ಅಮ್ಮ ಮಾತ್ರ ಒಪ್ಪಲಿಲ್ಲ. “ಆಷಾಢದಲ್ಲಿ ಯಾರಾದ್ರೂ ಗಾಡಿ ತಗೋತಾರೇನೋ? ದಸರಾ ತನಕ ತಡ್ಕೋ” ಅಂದರು. ಕೆಮಿಸ್ಟ್ರಿ ಮೇಷ್ಟ್ರಾದ ನಾನು, ಕಬ್ಬಿಣಕ್ಕೂ ಪಂಚಾಂಗಕ್ಕೂ ಯಾವ ರಾಸಾಯನಿಕ ಕ್ರಿಯೆಯೂ ನಡೆಯುವುದಿಲ್ಲ ಎಂದು ವಿವರಿಸಿದೆ. ಅಮ್ಮ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

ರಾತ್ರಿ ಊಟ ಮುಗಿಸಿ ಕಂಪನಿಯ ವೆಬ್‌ಸೈಟ್ ತೆರೆದೆ. ತೆರೆಯ ಮೇಲೆ ಕಾರು ಗಿರಗಿರನೆ ತಿರುಗುತ್ತಿತ್ತು. ಮುಟ್ಟಿದ ಕಡೆಗೆ ತಿರುಗುತ್ತದೆ, ಹೇಳಿದ ಬಣ್ಣಕ್ಕೆ ಬದಲಾಗುತ್ತದೆ, ಎದುರು ಮಾತಿಲ್ಲ. ಈ ಮನೆಯಲ್ಲಿ ನನ್ನ ಮಾತು ಕೇಳುವ ವಸ್ತುವೊಂದು ಸಿಕ್ಕ ಖುಷಿಗೆ ಮಧ್ಯರಾತ್ರಿಯವರೆಗೂ ಬಣ್ಣ ಬದಲಾಯಿಸುತ್ತ ಕೂತೆ. ಆಮೇಲೆ ಆಕ್ಸೆಸರೀಸ್ ಪುಟ ಬಂತು. ಎಷ್ಟೋ ಚೌಕಗಳಲ್ಲಿ ಟಿಕ್ ಮೊದಲೇ ಕೂತಿತ್ತು. ಒಂದನ್ನು ತೆಗೆಯಲು ಹೋದರೆ, ‘ನಿಮ್ಮ ಕುಟುಂಬದ ಸುರಕ್ಷತೆ ನಿಮಗೆ ಬೇಡವೇ?’ ಎಂಬ ಪ್ರಶ್ನೆ ಮೂಡಿತು. ಮಡ್‌ಫ್ಲ್ಯಾಪ್ ಬೇಡ ಎಂದದ್ದಕ್ಕೆ ಹೆಂಡತಿ ಮಕ್ಕಳನ್ನು ಕೈಬಿಟ್ಟ ಪಾಪಿಯಾಗುವುದು ಬೇಡವೆಂದು ಟಿಕ್ ವಾಪಸ್ ಹಾಕಿದೆ. ಅದೇ ಭರದಲ್ಲಿ, ಕ್ಲಚ್ ಪೆಡಲ್ ಇಲ್ಲದ ಎಎಂಟಿ ಮಾದರಿಗೂ ಟಿಕ್ ಬಿತ್ತು. ‘ಮನೆ ಬಾಗಿಲಿಗೇ ಟೆಸ್ಟ್ ಡ್ರೈವ್ ಕಳಿಸೋಣವೇ?’ ಎಂದೂ ಕೇಳಿತು. ಅವರ ಪೆಟ್ರೋಲು ಯಾಕೆ ಸುಮ್ಮನೆ ಖರ್ಚಾಗಬೇಕು ಅನ್ನಿಸಿ ‘ಬೇಡ’ ಎಂದೆ. ಇಡೀ ವ್ಯವಹಾರದಲ್ಲಿ ನಾನು ಬೇಡ ಎಂದದ್ದು ಅದೊಂದಕ್ಕೇ.

ಯೋಚಿಸೋಣವೆಂದು ಲ್ಯಾಪ್‌ಟಾಪ್ ಮುಚ್ಚಿದೆ. ಮೊಬೈಲು ಟಣ್ ಎಂದಿತು: ‘ನಿಮ್ಮ ಕಾರು ನಿಮಗಾಗಿ ಕಾಯುತ್ತಿದೆ.’ ಈ ಹೊತ್ತಿನಲ್ಲಿ, ಮಳೆ ಬೇರೆ, ಪಾಪ ಎಲ್ಲಿ ಕಾಯುತ್ತಿದೆಯೋ ಎನಿಸಿತು. ಎದ್ದು 11,000 ರೂಪಾಯಿ ಬುಕಿಂಗ್ ಹಣ ಕಟ್ಟಿಯೇ ಮಲಗಿದೆ.

ಕಟ್ಟಿದ ಮೇಲೆ ಕೊನೆಯ ಪ್ರಶ್ನೆ ಬಂತು: ‘ನಿಮ್ಮ ಡೀಲರನ್ನು ಆಯ್ಕೆ ಮಾಡಿ.’ ನಮ್ಮ ದೇಶದಲ್ಲಿ ಆನ್‌ಲೈನ್ ಕಾರು ಎಂದರೆ ಬಹುಪಾಲು ಇಷ್ಟೇ. ಮರ್ಸಿಡಿಸ್‌ನವರು 2021ರಿಂದ ಗ್ರಾಹಕರಿಗೆ ತಾವೇ ನೇರವಾಗಿ ಬಿಲ್ ಹಾಕುತ್ತಾರೆ. 2025ರ ಜುಲೈನಲ್ಲಿ ಮುಂಬೈಗೆ ಬಂದ ಟೆಸ್ಲಾದವರದೂ ನೇರ ಮಾರಾಟವೇ. ಆದರೆ ಕರ್ನಾಟಕದಲ್ಲಿ ಅರವತ್ತು ಲಕ್ಷದ ಪೆಟ್ರೋಲ್ ಕಾರಿಗೆ ಕಟ್ಟುವ ರೋಡ್ ಟ್ಯಾಕ್ಸ್ ದುಡ್ಡಿನಲ್ಲಿ ನನ್ನ ಕಾರು ಬಂದು, ಉಳಿದದ್ದರಲ್ಲಿ ವರ್ಷಗಟ್ಟಲೆ ಪೆಟ್ರೋಲೂ ಹಾಕಿಸಬಹುದು. ಆ ಕಡೆ ನೋಡುವುದೇ ಬೇಡ. ನನ್ನಂಥವರ ಕಾರಿಗೆ ಕಂಪನಿ ವೆಬ್‌ಸೈಟಿನಲ್ಲಿ ಹೆಸರು, ಫೋನ್ ನಂಬರು, ಮುಂಗಡ ಎಲ್ಲವನ್ನೂ ತೆಗೆದುಕೊಂಡು, ಊರಿನ ಡೀಲರ್ ಕೈಗೇ ನಮ್ಮನ್ನು ಒಪ್ಪಿಸುತ್ತದೆ. ಬಿಲ್ ಅವರದೇ, ರಿಜಿಸ್ಟ್ರೇಷನ್ ಓಡಾಟ ಅವರದೇ, ನಂಬರ್ ಪ್ಲೇಟ್ ಹಾಕುವವರೂ ಅವರೇ. ಮತ್ತು ನಮ್ಮೂರಿನಲ್ಲಿ ಆ ಕಂಪನಿಗೆ ಇದ್ದ ಡೀಲರ್ ಒಬ್ಬರೇ.

ಬೆಳಿಗ್ಗೆ ಫೋನು. “ಸರ್, ನಿಮ್ಮ ಆನ್‌ಲೈನ್ ಬುಕಿಂಗ್ ನನ್ನ ಹೆಸರಿಗೇ ಬಂದಿದೆ! ಗುರ್ತು ಸಿಗ್ಲಿಲ್ವಾ ಸರ್? ಪಿಯುಸಿಲಿ ನಿಮ್ಮ ಸ್ಟೂಡೆಂಟು. ಪ್ರಾಕ್ಟಿಕಲ್‌ನಲ್ಲಿ ಬ್ಯುರೆಟ್ ಒಡೆದಿದ್ದೆನಲ್ಲ, ಆದ್ರೂ ಪಾಸ್ ಮಾಡಿದ್ರಿ!”

ಮುಖವೇ ಇಲ್ಲದ ವ್ಯವಹಾರ ಎಂದು ಹೊರಟರೆ, ರಾಜ್ಯದಲ್ಲಿರುವ ಅಷ್ಟೂ ಮುಖಗಳಲ್ಲಿ ಇದೇ ಸಿಗಬೇಕೇ!

ಹೆಂಡತಿಯೊಡನೆ ಶೋರೂಂಗೆ ಹೋದೆ. ಶಿಷ್ಯ ಕೊಟೇಷನ್ ಹಾಳೆ ಮುಂದಿಟ್ಟ. ಎಕ್ಸ್ ಶೋರೂಂ 8,00,000. ರೋಡ್ ಟ್ಯಾಕ್ಸ್ ಶೇ. 14ರಂತೆ 1,12,000. ಆ ತೆರಿಗೆಯ ಮೇಲೆ ಶೇ. 11 ಸೆಸ್, 12,320. ಇಲ್ಲಿಯವರೆಗೆ ಆನ್‌ಲೈನಾದರೂ ಅಷ್ಟೇ, ಆಫ್‌ಲೈನಾದರೂ ಅಷ್ಟೇ, ಸರ್ಕಾರಕ್ಕೆ ದಾಕ್ಷಿಣ್ಯವಿಲ್ಲ. ಅಸಲಿ ಸಾಹಿತ್ಯ ಇರುವುದು ಅದರ ಕೆಳಗೆ. ಇನ್ಶೂರೆನ್ಸ್ 47,000. ಬೇಸಿಕ್ ಕಿಟ್ 18,500. ಟೆಫ್ಲಾನ್ ಕೋಟಿಂಗ್ 6,000. ಹ್ಯಾಂಡ್ಲಿಂಗ್ ಚಾರ್ಜ್ 7,500.

“ಹ್ಯಾಂಡ್ಲಿಂಗ್ ಅಂದ್ರೆ ಏನಪ್ಪಾ?” ಎಂದೆ.

“ಗೋಡೌನಿಂದ ಶೋರೂಂಗೆ ತರೋ ಖರ್ಚು ಸರ್.”

“ಗೋಡೌನ್ ಎಲ್ಲಿದೆ?”

ಅವನು ತಿರುಗಿ ಹಿಂದಿನ ಕಿಟಕಿ ತೋರಿಸಿದ.

ಹೆಂಡತಿ ನನ್ನ ಕಡೆ ನೋಡಿ, “ರೀ, ಅಲ್ಲಿ ಕಾಫಿ ಮೆಷಿನ್ ಇದೆ, ಒಂದು ಕಾಫಿ ತಗೊಂಡ್ಬನ್ನಿ” ಅಂದಳು. ತಂದೆ. ಹ್ಯಾಂಡ್ಲಿಂಗ್ ಮೇಲೆ ಪೆನ್ನಿನ ಗೆರೆ ಬಿದ್ದಿತ್ತು. “ಸಕ್ಕರೆ ಕಡಿಮೆ, ಇನ್ನೊಂದು ತನ್ನಿ” ಅಂದಳು. ತರುವಷ್ಟರಲ್ಲಿ ಟೆಫ್ಲಾನೂ ಹೋಗಿತ್ತು. ಮೂರನೆಯದಕ್ಕೆ ಕಳಿಸಿದಳು. ದುರದೃಷ್ಟಕ್ಕೆ ಮೆಷಿನ್‌ನಲ್ಲಿ ಹಾಲು ಮುಗಿದಿತ್ತು. ಬೇಗ ವಾಪಸ್ ಬಂದುಬಿಟ್ಟೆ.

ಆಗ ಚರ್ಚೆ ಇನ್ಶೂರೆನ್ಸಿಗೆ ಬಂದಿತ್ತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಬೇಕೇಬೇಕು, ಸುಪ್ರೀಂ ಕೋರ್ಟ್ ಆದೇಶದಿಂದ 2018ರ ಸೆಪ್ಟೆಂಬರಿನಿಂದಲೂ ಕಡ್ಡಾಯ. ಆದರೆ ಅದನ್ನು ಡೀಲರ್ ಹತ್ತಿರವೇ ಕೊಳ್ಳಬೇಕೆಂದು ಎಲ್ಲೂ ಇಲ್ಲ. ಹೆಂಡತಿ ಮೊಬೈಲಿನಲ್ಲಿ ಅದೇ ಕವರೇಜಿನ ಇನ್ನೊಂದು ಪಾಲಿಸಿ ತೋರಿಸುತ್ತಿದ್ದಳು: 31,000. ನಿಜವಾಗಿ ಆನ್‌ಲೈನಲ್ಲಿ ಕೊಳ್ಳಬೇಕಾದದ್ದು ಇಡೀ ಹಾಳೆಯಲ್ಲಿ ಅದೊಂದೇ ಆಗಿತ್ತು. ಶಿಷ್ಯನ ಮುಖ ಬಾಡಿತು. “ಮೇಡಂ, ಹೊರಗಿಂದು ತಗೊಂಡ್ರೆ ನಾಳೆ ಕ್ಲೇಮ್‌ಗೆ ಕಷ್ಟ. ನನ್ನ ಟಾರ್ಗೆಟ್ಟೂ...” ಎಂದು ನಿಲ್ಲಿಸಿದ. ಬ್ಯುರೆಟ್ ಒಡೆದ ದಿನವೂ ಹೀಗೇ ನಿಂತಿದ್ದ. “ಇರ್ಲಿ ಬಿಡೇ, ನಮ್ಮ ಹುಡುಗ” ಎಂಬ ಮಾತು ನನ್ನ ಬಾಯಿಂದ ಹೊರಬಿತ್ತು. ಮೇಜಿನ ಕೆಳಗೆ ನನ್ನ ಪಾದದ ಮೇಲೆ ಹೆಂಡತಿಯ ಹಿಮ್ಮಡಿ ಬಿತ್ತು. ಹದಿನಾರು ಸಾವಿರ ಅಲ್ಲೇ ಹೋಯಿತು.

ಪಕ್ಕದ ಮನೆಯವರು ಅದೇ ಕಾರನ್ನು, ಅದೇ ಶೋರೂಂನಲ್ಲಿ, ವೆಬ್‌ಸೈಟಿನ ಮುಖವನ್ನೂ ನೋಡದೆ ಕೊಂಡಿದ್ದರು. ಹ್ಯಾಂಡ್ಲಿಂಗ್ ಇಲ್ಲ, ಬೇಸಿಕ್ ಕಿಟ್ ಪುಕ್ಕಟೆ, ವಿಮೆ ಹೊರಗಿನದು. “ಹ್ಯಾಗೆ ಮಾಡಿದ್ರಿ?” ಎಂದು ಕೇಳಿದೆ. “ಏನಿಲ್ಲ ಮೇಷ್ಟ್ರೇ, ರೇಟ್ ಕೇಳಿ ಎದ್ದು ಹೊರಟೆ. ಬಾಗಿಲ ತನಕ ಬಂದು ಕರ್ಕೊಂಡು ಹೋದ್ರು. ಇನ್ನೊಂದ್ಸಲ ಎದ್ದೆ. ಮ್ಯಾನೇಜರೇ ಬಂದ್ರು.”

ಆನ್‌ಲೈನೋ ಡೀಲರೋ ಎಂಬ ಜಿಜ್ಞಾಸೆಯ ಸಾರವೆಲ್ಲ ಈ ಎದ್ದು ಹೊರಡುವುದರಲ್ಲಿದೆ. ವೆಬ್‌ಸೈಟಿನಲ್ಲಿ ಕುರ್ಚಿಯಿಲ್ಲ, ಎದ್ದು ಹೊರಡುವುದು ಎಲ್ಲಿಂದ? ಮುಂಗಡ ಕಟ್ಟಿ, ಮಾದರಿ ಬಣ್ಣ ಎಲ್ಲ ಗಟ್ಟಿ ಮಾಡಿ, ಆಮೇಲೆ ರೇಟು ಮಾತಾಡಲು ಹೋದವನು ಹೊರಡುವುದಿಲ್ಲ ಎಂಬುದು ಶೋರೂಂನ ವಾಚ್‌ಮನ್‌ಗೂ ಗೊತ್ತಿರುತ್ತದೆ. ಬೆಲೆ ತಿಳಿಯುವುದಕ್ಕೆ ಮೊಬೈಲು, ಬೆಲೆ ಇಳಿಸುವುದಕ್ಕೆ ಕಾಲು. ನಾನು ಎರಡನ್ನೂ ಅದಲುಬದಲು ಮಾಡಿದ್ದೆ.

ಡೆಲಿವರಿಗೆ ಮುಂಚೆ ಯಾರ್ಡಿಗೆ ಹೋಗಿ ಕಾರನ್ನು ಪರೀಕ್ಷಿಸಲೇಬೇಕೆಂದು ಭಾಮೈದ ಉದ್ದನೆಯ ಪಟ್ಟಿ ಕಳಿಸಿದ. ತಯಾರಾದ ತಿಂಗಳು ನೋಡಿ, ಓಡೋಮೀಟರ್ ನೋಡಿ, ಟೈರಿನ ಮೇಲಿನ ನಾಲ್ಕಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರನ್ನು ಚೆನ್ನಾಗಿ ಓದಿದೆ. ಬಾನೆಟ್ ಎತ್ತಿಸಿ, ಕೈ ಹಿಂದೆ ಕಟ್ಟಿ, ಉತ್ತರಪತ್ರಿಕೆ ತಿದ್ದುವ ಗಾಂಭೀರ್ಯದಿಂದ ಒಳಗೆ ನೋಡುತ್ತ ನಿಂತೆ.

“ಏನು ನೋಡ್ತಿದ್ದೀರಿ ಸರ್?” ಎಂದ ಶಿಷ್ಯ.

“ಇಂಜಿನ್.”

“ಇದೆಯಾ ಸರ್?”

ಆಷಾಢದ ಆಫರ್ ಬೇಕಾದರೆ ಆಷಾಢದೊಳಗೇ ಡೆಲಿವರಿ ಆಗಬೇಕಿತ್ತು. ಸಿಕ್ಕಿದ್ದು ಕೊನೆಯ ದಿನ, ಜುಲೈ 24, ಭೀಮನ ಅಮಾವಾಸ್ಯೆ. ಬೆಳಿಗ್ಗೆ ಹೆಂಡತಿ ವ್ರತದ ಪ್ರಕಾರ ನನ್ನ ಪಾದಪೂಜೆ ಮಾಡಿದಳು. ಹಿಮ್ಮಡಿ ಬಿದ್ದ ಪಾದ ಇನ್ನೂ ನೋಯುತ್ತಿತ್ತು. “ಆಷಾಢ ಸಾಲದು ಅಂತ ಅಮಾವಾಸ್ಯೆ ಬೇರೆ” ಎಂದು ಅಮ್ಮ ಮನೆಯಲ್ಲೇ ಉಳಿದರು.

ಶೋರೂಂನಲ್ಲಿ ಕಾರಿಗೆ ಕೆಂಪು ಬಟ್ಟೆ ಹೊದಿಸಿದ್ದರು. ಆಳೆತ್ತರದ ರಟ್ಟಿನ ಕೀ ನಮ್ಮ ಕೈಗೆ ಕೊಟ್ಟು ಫೋಟೊ ತೆಗೆದರು, ಕೇಕ್ ಕತ್ತರಿಸಿದರು, ಉಳಿದರ್ಧ ಡಬ್ಬಿಯಲ್ಲಿ ಹಾಕಿ ಹೆಂಡತಿಯ ತೊಡೆಯ ಮೇಲಿಟ್ಟರು. ಚಕ್ರಗಳ ಕೆಳಗೆ ನಿಂಬೆಹಣ್ಣು. ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿದರು. ನಿಂಬೆಹಣ್ಣು ಪಚಕ್ ಎಂದದ್ದೇ, ಗೇರ್ ಹಾಕುವ ಅಭ್ಯಾಸಬಲದಿಂದ ನನ್ನ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಯಿತು. ಕ್ಲಚ್ ಇರಲಿಲ್ಲ. ಅದರ ಪಕ್ಕದಲ್ಲಿ ಅಗಲವಾಗಿ ಸಿಕ್ಕ ಬ್ರೇಕನ್ನೇ ನೆಲಮಟ್ಟ ತುಳಿಯಿತು. ಕಾರು ಗಕ್ಕನೆ ನಿಂತಿತು, ಕೇಕ್ ನಿಲ್ಲಲಿಲ್ಲ. ಡಬ್ಬಿಯಿಂದ ಎದ್ದು, ಡ್ಯಾಶ್‌ಬೋರ್ಡ್ ದಾಟಿ, ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಎಸಿಯ ಕಿಂಡಿಯೊಳಗೆ ಇಳಿಯತೊಡಗಿತು. ಚಪ್ಪಾಳೆ ನಿಂತಿತು. ಶಿಷ್ಯ ಓಡಿ ಬಂದು ಕಿಟಕಿಗೆ ಬಾಗಿ ಮೆಲ್ಲನೆ ಹೇಳಿದ: “ಸರ್, ಇದಕ್ಕೆ ಅಂತಾನೇ ಇಂಟೀರಿಯರ್ ಕೋಟಿಂಗ್ ಇದೆ. 4,500.” ಅಷ್ಟು ಜನರೆದುರು ಬೇಡ ಎನ್ನುವುದು ಹೇಗೆ? ಮಾಡಿಸಿದೆ.

ವಾರ ಕಳೆದು ಅವನದೇ ಫೋನು. “ಸರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ಹತ್ತಕ್ಕೆ ಹತ್ತು ಕೊಡ್ಬೇಕು. ಒಂಬತ್ತು ಕೊಟ್ರೂ ಫೇಲ್ ಲೆಕ್ಕ ಸರ್.” ಮೂವತ್ತೈದಕ್ಕೆ ಪಾಸು ಮಾಡುತ್ತಿದ್ದ ಲೋಕದಿಂದ ಬಂದವನು ನಾನು. ಆದರೂ ಹತ್ತು ಕೊಟ್ಟೆ. ಕೇಕ್ ಬಗ್ಗೆ ಕೇಳಿದಾಗಲೂ “ರುಚಿಯಾಗಿತ್ತು” ಎಂದೆ.

ಆಗಸ್ಟ್ 15ಕ್ಕೆ ಪ್ರಧಾನಿ ಕೆಂಪುಕೋಟೆಯ ಮೇಲಿಂದ ಜಿಎಸ್‌ಟಿ ಇಳಿಸುವ ಮಾತಾಡಿದರು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಅದಕ್ಕೆ ಅಸ್ತು ಎಂದಿತು. ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನದಿಂದಲೇ, ನಾಲ್ಕು ಮೀಟರ್ ಉದ್ದ ಮತ್ತು 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಶೇ. 28 ಜಿಎಸ್‌ಟಿ, ಶೇ. 1 ಸೆಸ್ ಇದ್ದದ್ದು ಬರೀ ಶೇ. 18 ಆಯಿತು. ಕಾಗದ ತೆಗೆದು ಲೆಕ್ಕ ಹಾಕಿದೆ. ಎಂಟು ಲಕ್ಷದ ಕಾರಿಗೆ ಸುಮಾರು 68,000. ಅದರ ಮೇಲಿನ ರೋಡ್ ಟ್ಯಾಕ್ಸೂ ಸೇರಿ 78,000 ದಾಟುತ್ತದೆ. ಆಷಾಢದಲ್ಲಿ ನಾನು ಗೆದ್ದದ್ದು 20,000.

ಅಮ್ಮನಿಗೆ ಕೆಂಪುಕೋಟೆ, ಮಂಡಳಿ, ಸೆಸ್ಸು ಎಲ್ಲ ವಿವರಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅದೇ ಕಣೋ, ಆಷಾಢದಲ್ಲಿ ತರಬಾರದು ಅನ್ನೋದು” ಎಂದು ಎದ್ದು ಹೋದರು. ಈ ಸಲ ರಸಾಯನಶಾಸ್ತ್ರದಲ್ಲಿ ಉತ್ತರ ಸಿಗಲಿಲ್ಲ.

ಆಯುಧಪೂಜೆಯ ದಿನ ಕಾರಿಗೆ ಕುಂಬಳಕಾಯಿ ಒಡೆಯುವ ಹೊತ್ತಿಗೆ ಸರಿಯಾಗಿ ಶಿಷ್ಯನ ಫೋನು ಬಂತು. “ಸರ್, ಹಬ್ಬದ ಶುಭಾಶಯ. ರೇಟ್ ಇಳಿದಿರೋದು ನೋಡಿದ್ರಲ್ಲ? ನಿಮ್ಮದು ಇನ್ನೂ ಹೊಸ ಗಾಡಿ, ಈಗ ಎಕ್ಸ್‌ಚೇಂಜ್‌ಗೆ ಕೊಟ್ರೆ ಟಾಪ್ ಮಾಡೆಲ್ಲೇ ಬರುತ್ತೆ. ಮನೆ ಬಾಗಿಲಿಗೇ ಟೆಸ್ಟ್ ಡ್ರೈವ್ ಕಳಿಸ್ಲಾ?”

ಬೇಡಪ್ಪ ಎನ್ನಲೆಂದೇ ಬಾಯಿ ತೆರೆದೆ. “ಎಷ್ಟೊತ್ತಿಗೆ ಬರ್ತೀಯ? ಹಬ್ಬದೂಟಕ್ಕೇ ಬಂದ್ಬಿಡು” ಎಂದದ್ದು ನನಗೂ ಕೇಳಿಸಿತು, ಹೆಂಡತಿಗೂ ಕೇಳಿಸಿತು. ಅವಳು ಫೋನ್ ಕಿತ್ತುಕೊಂಡು, “ಊಟಕ್ಕೆ ಬಾಪ್ಪಾ. ಕಾರು ತರ್ಬೇಡ. ಇನ್ಶೂರೆನ್ಸ್ ಹದಿನಾರು ಸಾವಿರ ತಗೊಂಡು ಬಾ” ಎಂದಳು. ಅವನು ಊಟಕ್ಕೆ ಬರಲಿಲ್ಲ. ಆಮೇಲೆ ಅವನ ಫೋನೂ ಬರಲಿಲ್ಲ.