ದೀಸ್ ಆರ್ ಮೈ ಹಸ್ಬೆಂಡ್

ಅಮೆರಿಕದ ಎಡಿಸನ್ನಿಗೆ ಬಂದ ಮೂರನೆಯ ದಿನವೇ ಪಕ್ಕದ ಮನೆಯಾಕೆಗೆ ನಮ್ಮ ಯಜಮಾನರನ್ನು ಪರಿಚಯ ಮಾಡಿಕೊಟ್ಟೆ. "ದೀಸ್ ಆರ್ ಮೈ ಹಸ್ಬೆಂಡ್" ಅಂದೆ. ಆಕೆ ನಗುನಗುತ್ತಲೇ ಇವರ ಬೆನ್ನ ಹಿಂದೆ ಇಣುಕಿದಳು, ಆಮೇಲೆ ಗ್ಯಾರೇಜಿನ ಕಡೆ ಕಣ್ಣಾಡಿಸಿದಳು. ಮಿಕ್ಕವರು ಎಲ್ಲಿ ಎಂದು ಕೇಳಲು ಸಂಕೋಚವಾಗಿರಬೇಕು. ಮೊಮ್ಮಗಳು ಪುಟ್ಟಿ ನನ್ನ ಸೆರಗು ಜಗ್ಗಿ, "ಅಜ್ಜೀ, ದಿಸ್ ಈಸ್! ತಾತ ಒಬ್ಬರೇ!" ಅಂದಳು.

ನೀವೇ ಹೇಳಿ, 42 ವರ್ಷ "ಇವರು, ಇವರು" ಅಂದ ಬಾಯಲ್ಲಿ, ವಿಮಾನ ಇಳಿದ ಮಾತ್ರಕ್ಕೆ "ಇದು" ಅನ್ನಲಾಗುತ್ತದೆಯೇ? ಇಂಗ್ಲಿಷಿನವರು ಬಹುವಚನ ಇಟ್ಟುಕೊಂಡಿರುವುದು ತಲೆ ಎಣಿಸಲು. ನಾವು ಇಟ್ಟುಕೊಂಡಿರುವುದು ತಲೆ ಬಾಗಿಸಲು. ಬೆಂಗಳೂರಿನ ನಮ್ಮ ಹಲಸೂರಿನ ಬಜಾರ್ ಬೀದಿಯಲ್ಲಿ ಸ್ಕೂಟರಿಗೆ ಆಟೋ ತಾಗಿದರೆ ಜಗಳ ಶುರುವಾಗುವುದು ತಗ್ಗಾದ ಮಡ್‌ಗಾರ್ಡಿನಿಂದ. ಐದು ನಿಮಿಷಕ್ಕೆಲ್ಲ ಮಡ್‌ಗಾರ್ಡು ಮರೆತುಹೋಗಿ "ಏಕವಚನದಲ್ಲಿ ಮಾತಾಡಬೇಡಿ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹಾಗಂತ ಈ ಮರ್ಯಾದೆಗೆ ಒಂದು ಲೆಕ್ಕಾಚಾರ ಇದೆ ಎಂದುಕೊಳ್ಳಬೇಡಿ. ನಾವು ಚಿಕ್ಕವರಿದ್ದಾಗ ಅಪ್ಪ ಬಂದರು, ಅಮ್ಮ ಬಂದಳು. ಸೋಮೇಶ್ವರನ ಗುಡಿಗೆ ಹೋದರೆ "ನೀನೇ ಕಾಪಾಡಪ್ಪ". ಲೋಕಕ್ಕೆಲ್ಲ ಅನ್ನ ಕೊಡುವವನಿಗೂ ಏಕವಚನ, ಅಪ್ಪನಿಗೆ ಅನ್ನ ಬಡಿಸುವವಳಿಗೂ ಏಕವಚನ. ಇದನ್ನು ಪುಟ್ಟಿ ಇನ್ನೂ ಕೇಳಿಲ್ಲ, ಸದ್ಯ.

ಅಂದು ಸಂಜೆಯೇ ಅವಳು ಸ್ಕೂಲಿನ ಹಾಳೆಯೊಂದನ್ನು ತಂದು ನನ್ನೆದುರು ಹರಡಿದಳು. ಚಿತ್ರ ನೋಡಿ ದಿಸ್ ಅಥವಾ ದೀಸ್‌ಗೆ ಸುತ್ತು ಹಾಕಬೇಕು. ಕೆಂಪು ಪೆನ್ಸಿಲ್ ಅವಳ ಕೈಯಲ್ಲಿ, ಕಪ್ಪು ಪೆನ್ಸಿಲ್ ನನ್ನ ಕೈಯಲ್ಲಿ. ಒಂದು ಸೇಬು, ದಿಸ್. ಮೂರು ಬೆಕ್ಕು, ದೀಸ್. ಇಷ್ಟೇನಾ ಅಂದುಕೊಂಡೆ. ಆಮೇಲೆ ಒಂದು ಕತ್ತರಿ ಬಂತು. ಕಣ್ಣಾರೆ ಒಂದೇ ಕತ್ತರಿ. ದಿಸ್ ಅಂತ ಸುತ್ತು ಹಾಕಿದೆ. ಕೆಂಪು ಗೀಟು ಬಿತ್ತು. "ದೀಸ್ ಸಿಸರ್ಸ್, ಅಜ್ಜಿ. ಅದಕ್ಕೆ ಎರಡು ಬ್ಲೇಡಿದೆ." ಸರಿ. ಮುಂದೆ ಪ್ಯಾಂಟು, ಕಾಲು ಎರಡು, ಅದೂ ದೀಸ್. ಕನ್ನಡಕ, ಗಾಜು ಎರಡು, ದೀಸ್. ಗುಟ್ಟು ಗೊತ್ತಾಯಿತಲ್ಲ ಎಂದು ಶರಟಿಗೆ ಧೈರ್ಯವಾಗಿ ದೀಸ್ ಹಾಕಿದೆ. ಮತ್ತೆ ಕೆಂಪು ಗೀಟು! "ತೋಳು ಎರಡಿದೆಯಲ್ಲೇ?" ಅಂದೆ. ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿ, ತನ್ನ ಟೀಚರ್ ಬಳಸುವ ಮಾತನ್ನೇ ನನ್ನ ಮೇಲೆ ಬಳಸಿದಳು: "ಅದು ಹಾಗೇ."

ತಪ್ಪು ನನ್ನೊಬ್ಬಳದೇ ಅಲ್ಲ. ಹಲಸೂರಿನಲ್ಲಿ ಬೆಳೆದವರಿಗೆ ಸೊಪ್ಪಿನವಳ ಹತ್ತಿರ ತಮಿಳು, ಟೈಲರ್ ಹತ್ತಿರ ದಖನಿ, ಎದುರುಮನೆಯಲ್ಲಿ ತೆಲುಗು, ಒಳಮನೆಯಲ್ಲಿ ಕನ್ನಡ. ತಕ್ಕಾಳಿ ಒಂದಿರಲಿ ಒಂದು ಕುಕ್ಕೆ ಇರಲಿ, ತಮಿಳಿನಲ್ಲಿ "ಇಂದ". ಬ್ಲೌಸು ಒಂದಾದರೂ ಹತ್ತಾದರೂ ಟೈಲರಿಗೆ "ಯೇ". ತೆಲುಗಿಗೂ ನಮಗೂ ಒಂದೇ "ಈ". ನಾಲ್ಕು ಭಾಷೆ ಸೇರಿ ಒಮ್ಮತದಿಂದ ಬೇಡ ಎಂದು ಬಿಟ್ಟಿರುವುದನ್ನು ಇಂಗ್ಲಿಷ್ ಒಂದೇ ಹಿಡಿದು ಕೂತಿದೆ. 1809ರಲ್ಲಿ ಬ್ರಿಟಿಷರ ದಂಡು ಬಂದಾಗಿನಿಂದ ಆ ಭಾಷೆ ನಮ್ಮ ಬಾಗಿಲಲ್ಲೇ ಇತ್ತು. ಹಲಸೂರನ್ನು ಅಲ್ಸೂರು ಮಾಡಿ ನಮ್ಮ "ಹ" ನುಂಗಿತೇ ಹೊರತು, ಬದಲಿಗೆ ಒಂದು ದೀಸನ್ನು ನಾಲಿಗೆ ಮೇಲೆ ಇಟ್ಟು ಹೋಗಲಿಲ್ಲ.

ನಮ್ಮವರು ರಿಟೈರ್ಡ್ ಕನ್ನಡ ಮೇಷ್ಟ್ರು. ಸೋಫಾದಿಂದಲೇ ಪಾಠ ಶುರು ಮಾಡಿದರು. "ಬಲು ಸುಲಭ ಕಣೇ. ದಿಸ್‌ನಲ್ಲಿ ಹ್ರಸ್ವ, ಒಂದು ಮಾತ್ರೆ. ದೀಸ್‌ನಲ್ಲಿ ದೀರ್ಘ, ಎರಡು ಮಾತ್ರೆ. ಒಂದಕ್ಕೆ ಒಂದು, ಹಲವಕ್ಕೆ ಎರಡು. ಆದರೆ ಛಂದಸ್ಸಿನಲ್ಲಿ ನೋಡಿದರೆ ದಿಸ್ ಕೂಡ ಗುರುವೇ, ಯಾಕೆಂದರೆ..."

"ಮಾತ್ರೆ ಅಂದಿರಲ್ಲ, ಬೆಳಿಗ್ಗೆ ಬಿಪಿದು ತಗೊಂಡ್ರಾ?"

ಛಂದಸ್ಸು ಅಲ್ಲಿಗೆ ನಿಂತಿತು.

ದಟ್, ದೋಸ್ ಮರುದಿನದ ಪಾಠ. ದೋಸ್ ಎಂದು ಬಾಯಿ ಅರ್ಧಕ್ಕೆ ನಿಂತರೆ ನನಗಂತೂ ಕಾವಲಿ ಇಟ್ಟು ಒಂದು ಹುಯ್ದೇಬಿಡೋಣ ಅನ್ನಿಸುತ್ತದೆ. ಮಗ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಒಂದು ಸೋಜಿಗ ಹೇಳಿದ. ಹಳೆಯ ಇಂಗ್ಲಿಷಿನಲ್ಲಿ ಈ ದೋಸ್‌ನ ಮೂಲ ಇದ್ದದ್ದು ದಿಸ್ ಮನೆಯಲ್ಲಂತೆ, ಅದರ ಬಹುವಚನವಾಗಿ. ಆಮೇಲೆ ದಟ್ ಮನೆ ಸೇರಿಕೊಂಡು ಅಲ್ಲಿಯದೇ ಆಯಿತಂತೆ. "ಇವು" ಆಗಿದ್ದದ್ದು "ಅವು" ಆಯಿತು. ನಾನು ಅವನ ಮುಖ ನೋಡಿದೆ. ಹದಿನೈದು ವರ್ಷದಿಂದ ಫೋನ್ ಮಾಡಿ "ನಿಮ್ಮಲ್ಲಿ ಮಳೆನಾ?" ಎಂದು ಕೇಳುವ ಮಗ. ಅವನಿಗೆ ಏನೂ ಹೊಳೆದಂತೆ ಕಾಣಲಿಲ್ಲ.

ನನಗೂ ಸೇಡು ತೀರಿಸಿಕೊಳ್ಳಲು ಒಂದು ದಿನ ಸಿಕ್ಕಿತು. ಹೊರಗೆ ಹೊರಟಾಗ ಪುಟ್ಟಿ, "ಅಜ್ಜೀ, ಇವು ಚಪ್ಪಲಿಗಳು ಹಾಕು" ಅಂದಳು.

"ಈ ಚಪ್ಪಲಿ ಅನ್ನಬೇಕು."

"ಎರಡಿದೆ."

"ಎರಡಿದ್ದರೂ ಈ, ಇನ್ನೂರಿದ್ದರೂ ಈ."

"ಒಂದೇ ಇದ್ದರೆ?"

"ಆಗಲೂ ಈ."

"ತಾತ ಒಬ್ಬರೇ, ಅವರು ಬಂದರು. ಚಪ್ಪಲಿ ಎರಡು, ಅದು ಈ ಚಪ್ಪಲಿ." ಹುಬ್ಬು ಗಂಟಿಕ್ಕಿ ನಿಂತಳು. ನಾನು ಸಾವಧಾನವಾಗಿ ಹೇಳಿದೆ: "ಅದು ಹಾಗೇ."

ಅಂದು ಹೋದದ್ದು ಓಕ್ ಟ್ರೀ ರೋಡಿನ ದಿನಸಿ ಅಂಗಡಿಗೆ. ಅಲ್ಲಿ ಹಲಸಿನ ಹಣ್ಣಿನ ಹೋಳೊಂದು ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿತ್ತು. ನಮ್ಮೂರಿಗೆ ಹೆಸರು ಕೊಟ್ಟದ್ದೇ ಹಲಸಿನ ಮರಗಳಂತೆ. ಈಗ ನಾವು ಅದರ ಹೋಳನ್ನು ತೂಕ ಹಾಕಿಸಿ ಡಾಲರು ಎಣಿಸಬೇಕು. ಮನೆಗೆ ತಂದು, ಪೇಪರ್ ಹಾಸಿ, ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿ ಕೂತೆ. ಬಿಳಿ ಅಂಟು ಒರೆಸಿ, ನಾರು ಬಿಡಿಸಿ, ಒಂದೊಂದೇ ತೊಳೆ ತಟ್ಟೆಗೆ ಹಾಕತೊಡಗಿದೆ. ಪುಟ್ಟಿಗೆ ಹೇಳಿದೆ: ಇದು ಮಾವಿನಂತೆ ಒಂದು ಹೂವಿನ ಹಣ್ಣಲ್ಲ ಕಣೇ, ನೂರಾರು ಹೂ ಒಟ್ಟಿಗೆ ಅಂಟಿಕೊಂಡು ಬೆಳೆದದ್ದು. ಒಂದು ತೊಳೆ ಅಂದರೆ ಒಂದು ಹೂವಿನ ಪಾಲು.

"ಹಾಗಾದರೆ ದಿಸ್ಸಾ, ದೀಸಾ?" ಕೆಂಪು ಪೆನ್ಸಿಲ್ ಹುಡುಕಲು ಎದ್ದಳು. ಆದರೆ ಅಂಟಿನ ಕೈಯಲ್ಲಿ ಪೆನ್ಸಿಲ್ ಹಿಡಿದರೆ ಬಿಡಿಸಲು ಅವಳಮ್ಮನೇ ಬರಬೇಕಾಗುತ್ತಿತ್ತು.

ಅಷ್ಟರಲ್ಲಿ ಘಮಕ್ಕೋ ಏನೋ, ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದು ನಿಂತಳು. ತಟ್ಟೆ ಹಿಡಿದು ಹೋದೆ. "ದೀಸ್ ಈಸ್ ಜ್ಯಾಕ್‌ಫ್ರೂಟ್" ಅಂದೆ.

ಪುಟ್ಟಿ ತಿದ್ದಲು ಬಾಯಿ ತೆರೆದಳು. ನಾನು ಇನ್ನೊಂದು ತೊಳೆ ಇಟ್ಟೆ.